ಮಕ್ಕಳ ಆಯುಷ್ಯ ಮತ್ತು ನಮ್ಮ ಹೊಣೆ

(ಶತಮಾನೋತ್ಸವದ ಅಂಗವಾಗಿ ದೇವರಾಜ ಅರಸು ಬಡಾವಣೆಯ ಕುಟುಂಬಗಳ ಕೂಟದಲ್ಲಿ ಧರ್ಮಕೇಂದ್ರದ ಗುರುಗಳು ಮಾಡಿದ ಭಾಷಣ)



ಯಾವುದೇ ಹಳೆಯ ಧರ್ಮಕೇಂದ್ರದಲ್ಲಿ ಜ್ಞಾನಸ್ನಾನದ ಪುಸ್ತಕದ ಪಕ್ಕದಲ್ಲಿಯೇ ಮರಣದ ಪುಸ್ತಕವೂ ಇರುತ್ತದೆ. ಮೊದಲನೆಯದರಲ್ಲಿ ಬರೆದ ಎಳೆಯ ಹೆಸರನ್ನು ಕೆಲವೇ ತಿಂಗಳಲ್ಲಿ ಎರಡನೆಯದರಲ್ಲಿ ಬರೆಯಬೇಕಾಗಿ ಬಂದಾಗ, ಗುರುವಿನ ಕೈಯೂ ತಡೆಯುತ್ತದೆ. ಕೆಮ್ಮು, ಭೇದಿ, ಸೊರಗು ಎಂದು ನಾವು ಕರೆದ ಅನೇಕ ಸಾವುಗಳ ಹಿಂದೆ ಹೆಸರೇ ತಿಳಿಯದ ರೋಗಗಳಿದ್ದಿರಬಹುದು. ಅಂತಹ ಒಂದು ರೋಗವಾದ ಸಿಸ್ಟಿಕ್ ಫೈಬ್ರೋಸಿಸ್ ಕುರಿತು ಈ ದಿನ ಎರಡು ಮಾತು ಹೇಳಬಯಸುತ್ತೇನೆ.

ಇದು ಹುಟ್ಟಿನಿಂದಲೇ ಬರುವ ರೋಗ. ಜೀವಕೋಶಗಳಲ್ಲಿ ಉಪ್ಪು ಮತ್ತು ನೀರಿನ ಸಂಚಾರ ಕೆಟ್ಟು, ದೇಹದೊಳಗಿನ ಲೋಳೆ ಅಂಟಿನಂತೆ ಗಟ್ಟಿಯಾಗುತ್ತದೆ. ಶ್ವಾಸಕೋಶದಲ್ಲಿ ಕಫ ಕಟ್ಟಿ ಮೇಲಿಂದ ಮೇಲೆ ನ್ಯುಮೋನಿಯಾ ಬರುತ್ತದೆ. ಮೇದೋಜೀರಕ ಗ್ರಂಥಿಯ ರಸ ಕರುಳನ್ನು ಸೇರದೆ, ಉಂಡ ಅನ್ನ ಮೈಗೆ ಹತ್ತುವುದಿಲ್ಲ. ಮಲ ಜಿಡ್ಡಾಗಿ ದುರ್ನಾತ ಬೀರುತ್ತದೆ. ಬೆವರು ಅತಿಯಾಗಿ ಉಪ್ಪಾಗಿರುತ್ತದೆ. ಮಗುವಿಗೆ ಮುತ್ತಿಟ್ಟ ತಾಯಿಗೆ ಉಪ್ಪಿನ ರುಚಿ ತಾಗುವುದುಂಟು.

1938ರಲ್ಲಿ ನ್ಯೂಯಾರ್ಕಿನ ವೈದ್ಯೆ ಡೊರೊಥಿ ಆಂಡರ್ಸನ್ ಇದನ್ನು ಸ್ಪಷ್ಟವಾಗಿ ವಿವರಿಸಿದಾಗ, ಇದಕ್ಕೆ ತುತ್ತಾದ ಹೆಚ್ಚಿನ ಮಕ್ಕಳು ಶಾಲೆಯ ಮೆಟ್ಟಿಲು ಹತ್ತುವ ಮುನ್ನವೇ ತೀರಿಕೊಳ್ಳುತ್ತಿದ್ದರು. ಬೆವರಿನ ಉಪ್ಪನ್ನು ಅಳೆದು ರೋಗ ಗುರುತಿಸುವ ಸುರಕ್ಷಿತ ವಿಧಾನ 1959ರಲ್ಲಿ ಬಂದಿತು. ದೋಷವಿರುವ ವಂಶವಾಹಿ 1989ರಲ್ಲಿ ಪತ್ತೆಯಾಯಿತು. ಆ ದೋಷದ ಪರಿಣಾಮವನ್ನೇ ತಿದ್ದುವ ಮೂರು ಔಷಧಗಳ ಸಂಯುಕ್ತ ಮಾತ್ರೆಗೆ 2019ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಅಲ್ಲಿನ ರೋಗಿಗಳ ದಾಖಲಾತಿಯ 2023ರ ಲೆಕ್ಕದಂತೆ, 2019ರಿಂದ 2023ರವರೆಗೆ ಹುಟ್ಟಿದ ಇಂತಹ ಮಕ್ಕಳಲ್ಲಿ ಅರ್ಧದಷ್ಟು ಮಂದಿ 68 ವರ್ಷ ದಾಟಿ ಬದುಕುವ ನಿರೀಕ್ಷೆಯಿದೆ.

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಆ ಮಾತ್ರೆ ಬರುವ ಮೊದಲೇ ಅಲ್ಲಿ ಈ ನಿರೀಕ್ಷೆ ನಲವತ್ತು ವರ್ಷವನ್ನು ಮೀರಿತ್ತು. ಅದನ್ನು ಸಾಧಿಸಿದ್ದು ದಿನನಿತ್ಯದ ಆರೈಕೆ: ಬೆಳಿಗ್ಗೆ ಸಂಜೆ ಎದೆಯ ಕಫ ಸಡಿಲಿಸಿ ಹೊರತೆಗೆಯುವುದು, ಊಟದೊಡನೆ ಕಿಣ್ವದ ಗುಳಿಗೆ ಕೊಡುವುದು, ಸೋಂಕಿಗೆ ತಡಮಾಡದೆ ಔಷಧ ನೀಡುವುದು, ಜಿಡ್ಡುಳ್ಳ ಪುಷ್ಟಿಕರ ಆಹಾರ ಉಣಿಸುವುದು. ನಮ್ಮ ದಾವಣಗೆರೆಯ ಬೆಣ್ಣೆಯೂ ಇಂತಹ ಮಗುವಿಗೆ ಪಥ್ಯವೇ, ಜೊತೆಗೆ ಕಿಣ್ವವಿದ್ದರೆ. ನಮ್ಮ ಬಿರುಬೇಸಿಗೆಯಲ್ಲಿ ಬೆವರಿನೊಡನೆ ಉಪ್ಪು ಹರಿದುಹೋಗಿ ಮಗು ಕುಸಿಯಬಹುದಾದ್ದರಿಂದ, ವೈದ್ಯರು ಹೇಳಿದ ಪ್ರಮಾಣದಲ್ಲಿ ಹೆಚ್ಚು ಉಪ್ಪು ಕೊಡಬೇಕು.

ಇದು ಬಿಳಿಯರ ರೋಗವೆಂಬ ನಂಬಿಕೆ ನಮ್ಮಲ್ಲಿ ಬಹುಕಾಲ ಇತ್ತು. ಆದರೆ ಭಾರತದ ವೈದ್ಯರು 1960ರ ದಶಕದಲ್ಲಿಯೇ ನಮ್ಮ ಮಕ್ಕಳಲ್ಲಿ ಇದನ್ನು ಗುರುತಿಸಿದ್ದಾರೆ. ಈ ರೋಗ ನಮ್ಮಲ್ಲಿ ವಿರಳವಾದರೂ, ಕ್ಷಯವೆಂದೋ ಉಬ್ಬಸವೆಂದೋ ಭಾವಿಸಿ ವರ್ಷಗಳು ಕಳೆದುಹೋಗುವುದುಂಟು. ಹಾಗೆ ಕಳೆದ ವರ್ಷಗಳಲ್ಲಿ ಶ್ವಾಸಕೋಶಕ್ಕೆ ಆದ ಹಾನಿ ಮರಳಿ ಸರಿಹೋಗದು. ಆದುದರಿಂದ ಮಗುವಿಗೆ ಕೆಮ್ಮು ಬಿಡದಿದ್ದರೆ, ತೂಕ ಏರದಿದ್ದರೆ, ಮೈ ಉಪ್ಪೆನಿಸಿದರೆ, ಮಕ್ಕಳ ತಜ್ಞರ ಬಳಿ ಬೆವರಿನ ಪರೀಕ್ಷೆಯ ಬಗ್ಗೆ ಸಂಕೋಚವಿಲ್ಲದೆ ಕೇಳಿರಿ. 2021ರ ರಾಷ್ಟ್ರೀಯ ಅಪರೂಪದ ರೋಗಗಳ ನೀತಿಯಲ್ಲಿ ಈ ರೋಗವೂ ಸೇರಿದೆ. ನಮ್ಮ ರಾಜ್ಯದಲ್ಲಿ ಆ ನೀತಿಯ ಕೇಂದ್ರ ಬೆಂಗಳೂರಿನ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯಲ್ಲಿದೆ.

ಇನ್ನೊಂದು ಮಾತು ಸೂಕ್ಷ್ಮವಾದುದು. ತಂದೆ ತಾಯಿ ಇಬ್ಬರಲ್ಲೂ ಈ ದೋಷ ಅಡಗಿದ್ದರೆ, ಪ್ರತಿಯೊಂದು ಗರ್ಭದಲ್ಲಿಯೂ ರೋಗದ ಸಂಭವ ನಾಲ್ಕರಲ್ಲಿ ಒಂದು. ಗುಣಗಳು ಹೀಗೆ ಅಡಗಿದ್ದು ಮುಂದಿನ ಪೀಳಿಗೆಯಲ್ಲಿ ತೋರುವ ನಿಯಮವನ್ನು 1866ರಲ್ಲಿ ಬಟಾಣಿ ಗಿಡಗಳ ಮೂಲಕ ಪ್ರಕಟಿಸಿದವರು ಬ್ರೂನ್ ನಗರದ ಆಗಸ್ಟೀನಿಯನ್ ಮಠದ ಗುರು ಗ್ರೆಗೋರ್ ಮೆಂಡಲ್. ಹತ್ತಿರದ ನೆಂಟರಲ್ಲಿ ಒಂದೇ ದೋಷ ಇಬ್ಬರಲ್ಲಿಯೂ ಇರುವ ಸಾಧ್ಯತೆ ಹೆಚ್ಚು. ಸೋದರಮಾವನೊಡನೆ, ಅತ್ತೆಯ ಅಥವಾ ಮಾವನ ಮಕ್ಕಳೊಡನೆ ಸಂಬಂಧ ಬೆಳೆಸುವುದು ನಮ್ಮ ಸೀಮೆಯ ರೂಢಿ. 1983ರ ಧರ್ಮಸಭೆಯ ಕಾನೂನು ಸಂಹಿತೆ ಇಂತಹ ಮದುವೆಗೆ ತಡೆ ಒಡ್ಡಿದೆ. ವಿನಾಯಿತಿ ಬೇಡುವುದು ಬರಿಯ ಕಾಗದದ ಕೆಲಸವೆಂದು ಎಣಿಸದೆ, ಹುಟ್ಟಲಿರುವ ಮಗುವನ್ನೂ ನೆನೆಯಿರಿ. ಆದರೆ ರಕ್ತಸಂಬಂಧವಿಲ್ಲದವರಲ್ಲಿಯೂ ಈ ರೋಗ ಬರುತ್ತದೆ. ದೋಷ ಇಬ್ಬರಿಂದಲೂ ಬಂದಿರುವಾಗ, ಸೊಸೆಯೊಬ್ಬಳನ್ನೇ ದೂರುವುದು ಅಜ್ಞಾನವೂ ಹೌದು, ಪಾಪವೂ ಹೌದು.

ಹರಿಹರದ ಆರೋಗ್ಯ ಮಾತೆಯ ಸನ್ನಿಧಿಗೆ ಮಗುವನ್ನು ಎತ್ತಿಕೊಂಡು ಹೋಗುವ ತಾಯಂದಿರೇ, ಹೋಗಿರಿ, ಹರಕೆ ಸಲ್ಲಿಸಿರಿ, ಆಸ್ಪತ್ರೆಗೂ ಹೋಗಿರಿ. ಯಾಯಿರನ ಹನ್ನೆರಡು ವರ್ಷದ ಮಗಳನ್ನು ಎಬ್ಬಿಸಿದ ಪ್ರಭು ಯೇಸು, ಆಕೆಗೆ ಊಟ ಕೊಡುವಂತೆ ಮನೆಯವರಿಗೆ ಹೇಳಿದರೆಂದು ಶುಭಸಂದೇಶ ತಿಳಿಸುತ್ತದೆ. ಜೀವ ಕೊಡುವವನು ದೇವರು. ಉಣಿಸಿ ಉಳಿಸುವ ಕೆಲಸವನ್ನು ಆತ ನಮ್ಮ ಕೈಗೆ ಒಪ್ಪಿಸಿದ್ದಾನೆ. ಇಂತಹ ಮಗುವಿರುವ ಮನೆಯವರು ಒಂಟಿಯಾಗದಂತೆ ನೋಡಿಕೊಳ್ಳುವುದು ಎರಡನೆಯ ಶತಮಾನಕ್ಕೆ ಕಾಲಿಡುತ್ತಿರುವ ನಮ್ಮ ಧರ್ಮಕೇಂದ್ರದ ಸಂಕಲ್ಪವಾಗಲಿ.

ದೇವರು ನಿಮ್ಮೆಲ್ಲರನ್ನೂ ಆಶೀರ್ವದಿಸಲಿ.