ರಕ್ಷಣೆ ಮತ್ತು ಕೃಪೆ: ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಸುತ್ತ ಕೆಲವು ಪ್ರಶ್ನೆಗಳು

ಕ್ರೈಸ್ತ ನಂಬಿಕೆಯ ಪ್ರಕಾರ ಮನುಷ್ಯನಿಗೆ ರಕ್ಷಣೆ ಬೇಕಾಗಿರುವುದು ಪಾಪದಿಂದ. ಪಾಪವೆಂದರೆ ಒಂದೊಂದಾಗಿ ಎಣಿಸಬಹುದಾದ ತಪ್ಪುಗಳಷ್ಟೇ ಅಲ್ಲ, ದೇವರಿಗೆ ಬೆನ್ನು ಹಾಕಿ ಬದುಕುವ ಸ್ಥಿತಿಯೇ ಪಾಪ. ಅದರಿಂದ ಸ್ವಂತ ಬಲದಲ್ಲಿ ಹೊರಬರಲು ಯಾರಿಗೂ ಆಗದು. ಯೇಸು ಕ್ರಿಸ್ತನ ಶಿಲುಬೆಯ ಮರಣ ಮತ್ತು ಪುನರುತ್ಥಾನದ ಮೂಲಕ ದೇವರೇ ದಾರಿ ಮಾಡಿಕೊಟ್ಟಿದ್ದಾನೆ ಎನ್ನುವುದು ಕ್ರೈಸ್ತ ಸಭೆಗಳ ಮೂಲ ಮಾತು. ಅರ್ಹತೆ ನೋಡದೆ ದೇವರು ತೋರುವ ಈ ಪ್ರೀತಿಗೆ ಕೃಪೆ ಎನ್ನುತ್ತಾರೆ. ಇಲ್ಲಿ ಹಿಂದಿನ ಜನ್ಮದ ಸಂಚಿತವಿಲ್ಲ, ಮುಂದಿನ ಜನ್ಮದಲ್ಲಿ ಸರಿಪಡಿಸಿಕೊಳ್ಳುವ ಅವಕಾಶವೂ ಇಲ್ಲ. ಇರುವುದು ಒಂದೇ ಬದುಕು. ಆದ್ದರಿಂದಲೇ ರಕ್ಷಣೆಯ ಪ್ರಶ್ನೆಗಳಿಗೆ ಇಷ್ಟೊಂದು ಬಿಸಿ.

ಒಮ್ಮತ ಇಲ್ಲಿಗೆ ಮುಗಿಯುತ್ತದೆ. ದೇವರ ಪಾಲು ಎಷ್ಟು, ಮನುಷ್ಯನ ಪಾಲು ಎಷ್ಟು ಎಂದು ಕೇಳಿದ ಕೂಡಲೇ ಸಭೆಗಳು ಬೇರೆ ಬೇರೆ ದಿಕ್ಕಿಗೆ ಹೋಗುತ್ತವೆ. ಅಮೆರಿಕದ ಪಶ್ಚಿಮ ಕರಾವಳಿಯ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಸುತ್ತ ಈ ವಾದದ ಹೆಚ್ಚುಕಡಿಮೆ ಎಲ್ಲ ಪಕ್ಷಗಳೂ ನೆಲೆಯೂರಿವೆ. ಫ್ರೀಮಾಂಟ್, ಸನಿವೇಲ್, ಕ್ಯೂಪರ್ಟಿನೊಗಳಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳು ದಿನವೂ ಹಾದುಹೋಗುವ ರಸ್ತೆಗಳ ಆಸುಪಾಸಿನಲ್ಲೇ ಅವುಗಳ ಗುಡಿಗಳೂ ಪಾಠಶಾಲೆಗಳೂ ಇವೆ.

ಕೃಪೆ ಪುಕ್ಕಟೆ ಸಿಗುವುದಾದರೆ ಒಳ್ಳೆಯ ಕೆಲಸ ಯಾಕೆ ಮಾಡಬೇಕು ಎನ್ನುವುದು ಎಲ್ಲರೂ ಮೊದಲು ಕೇಳುವ ಪ್ರಶ್ನೆ. ಅದು ಬೈಬಲಿನೊಳಗೇ ಇದೆ. ರಕ್ಷಣೆ ನಂಬಿಕೆಯ ಮೂಲಕ ಬರುವ ವರ, ದುಡಿದು ಗಳಿಸುವುದಲ್ಲ ಎಂದು ಅಪೊಸ್ತಲ ಪೌಲ ಎಫೆಸದವರಿಗೆ ಬರೆದ. ಕೆಲಸದಲ್ಲಿ ಕಾಣದ ನಂಬಿಕೆಗೆ ಜೀವವಿಲ್ಲ ಎಂದು ಯಾಕೋಬನ ಪತ್ರಿಕೆ ಹೇಳುತ್ತದೆ. ಐದನೆಯ ಶತಮಾನದ ಆರಂಭದಲ್ಲಿ ಪೆಲೇಜಿಯಸ್ ಎಂಬ ಸನ್ಯಾಸಿ, ಮನಸ್ಸು ಮಾಡಿದರೆ ಮನುಷ್ಯ ಪಾಪವಿಲ್ಲದೆ ಬದುಕಬಲ್ಲ ಎಂದಾಗ ಉತ್ತರ ಆಫ್ರಿಕದ ಬಿಷಪ್ ಅಗಸ್ಟೀನ್ ಅದನ್ನು ಕಟುವಾಗಿ ಖಂಡಿಸಿದ. 418ರ ಕಾರ್ಥೇಜ್ ಸಭೆ ಅಗಸ್ಟೀನನ ಪರ ನಿಂತಿತು. ಸಾವಿರ ವರ್ಷ ದಾಟಿದ ಮೇಲೆ, 1517ರಲ್ಲಿ, ಪಾಪದಂಡದ ರಿಯಾಯಿತಿ ಪತ್ರಗಳ ಮಾರಾಟದ ವಿರುದ್ಧ ಮಾರ್ಟಿನ್ ಲೂಥರ್ ಎದ್ದುನಿಂತ. ನಂಬಿಕೆಯೊಂದರಿಂದಲೇ ಮನುಷ್ಯ ದೇವರ ಮುಂದೆ ನೀತಿವಂತನಾಗುತ್ತಾನೆ ಎನ್ನುವುದು ಅವನ ಸುಧಾರಣೆಯ ತಿರುಳಾಯಿತು. 1547ರಲ್ಲಿ ಟ್ರೆಂಟ್ ಮಹಾಸಭೆಯಲ್ಲಿ ರೋಮಿನ ಕ್ಯಾಥೊಲಿಕ್ ಸಭೆ ಉತ್ತರ ಕೊಟ್ಟಿತು: ಆರಂಭ ಕೃಪೆಯದೇ, ಆದರೆ ಮನುಷ್ಯ ಅದಕ್ಕೆ ಒಪ್ಪಿಗೆ ಕೊಟ್ಟು ಅದರೊಂದಿಗೆ ಸಹಕರಿಸಬೇಕು.

ಈ ಜಗಳಕ್ಕೆ ಯುರೋಪು ತೆತ್ತ ಬೆಲೆ ದೊಡ್ಡದು. ಕೊನೆಗೆ 1999ರ ಅಕ್ಟೋಬರ್ 31ರಂದು ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಕ್ಯಾಥೊಲಿಕ್ ಸಭೆ ಮತ್ತು ವಿಶ್ವ ಲೂಥರನ್ ಒಕ್ಕೂಟ ಜಂಟಿ ಘೋಷಣೆಗೆ ಸಹಿ ಹಾಕಿದವು. ರಕ್ಷಣೆ ಕೃಪೆಯಿಂದಲೇ ಬರುತ್ತದೆ, ಸತ್ಕಾರ್ಯ ಅದರ ಫಲ, ಅದಕ್ಕೆ ತೆರುವ ಬೆಲೆಯಲ್ಲ ಎನ್ನುವುದು ಆ ಒಪ್ಪಂದದ ಸಾರ. 2006ರಲ್ಲಿ ಮೆಥಡಿಸ್ಟರೂ ಅದನ್ನು ಒಪ್ಪಿಕೊಂಡರು. ಓದಿದವರಿಗೆ, ಇಷ್ಟಕ್ಕೆ ಇಷ್ಟು ಶತಮಾನ ಬೇಕಿತ್ತೇ ಅನ್ನಿಸಿದರೆ ತಪ್ಪಲ್ಲ.

ಸ್ಯಾನ್ ಫ್ರಾನ್ಸಿಸ್ಕೊದ ಟೆಂಡರ್‌ಲಾಯಿನ್ ಬಡಾವಣೆಯ ಗ್ಲೈಡ್ ಮೆಮೋರಿಯಲ್ ಚರ್ಚು ಇದೇ ಪ್ರಶ್ನೆಯನ್ನು ಇನ್ನೊಂದು ತುದಿಯಿಂದ ಹಿಡಿಯಿತು. 1963ರಲ್ಲಿ ಅಲ್ಲಿಗೆ ಬಂದ ಮೆಥಡಿಸ್ಟ್ ಪಾದ್ರಿ ಸೆಸಿಲ್ ವಿಲಿಯಮ್ಸ್, 1967ರಲ್ಲಿ ಗುಡಿಯ ಶಿಲುಬೆಯನ್ನೇ ಕೆಳಗಿಳಿಸಿದರು. ಮನೆಯಿಲ್ಲದವರಿಗೂ ವ್ಯಸನಕ್ಕೆ ಬಿದ್ದವರಿಗೂ ಅಲ್ಲಿ ಬಾಗಿಲು ತೆರೆಯಿತು. ಉಚಿತ ಊಟ ಇಂದಿಗೂ ನಡೆದಿದೆ. ಊಟಕ್ಕೆ ನಿಂತವನನ್ನು ನಿನ್ನ ನಂಬಿಕೆ ಯಾವುದು ಎಂದು ಯಾರೂ ಕೇಳುವುದಿಲ್ಲ. ಕ್ರಿಸ್ತನನ್ನೇ ಬದಿಗಿಟ್ಟು ಸಮಾಜಸೇವೆ ಮಾಡಿದರೆ ಅದು ಸುವಾರ್ತೆಯೇ ಎಂದು ಟೀಕಿಸಿದವರು ಬಹಳ. ಅರ್ಹತೆ ಕೇಳದೆ ಕೊಡುವುದು ಕೃಪೆಯಾದರೆ, ಆ ಊಟದ ಸಾಲು ಅದಕ್ಕೆ ತೀರ ದೂರವಿಲ್ಲ.

ಕ್ರೈಸ್ತ ಸಭೆಗೆ ಸೇರಿಸುವ ನೀರಿನ ಸಂಸ್ಕಾರವಾದ ದೀಕ್ಷಾಸ್ನಾನವಿಲ್ಲದೆ ರಕ್ಷಣೆ ಇಲ್ಲವೇ? ಈ ಪ್ರಶ್ನೆ ಕೊಲ್ಲಿಯ ದಡದಲ್ಲಿ ಬರೀ ಚರ್ಚೆಯಾಗಿ ಉಳಿಯಲಿಲ್ಲ. 1776ರ ಜೂನ್ 29ರಂದು, ಅಮೆರಿಕದ ಸ್ವಾತಂತ್ರ್ಯ ಘೋಷಣೆಗೆ ಐದು ದಿನ ಮೊದಲು, ಸ್ಪೇನಿನ ಫ್ರಾನ್ಸಿಸ್ಕನ್ ಪಾದ್ರಿಗಳು ಇಲ್ಲಿ ಮೊದಲ ಪೂಜೆ ಅರ್ಪಿಸಿದರು. ಮಿಷನ್ ಡೊಲೊರೆಸ್ ಎಂದು ಕರೆಯುವ ಅವರ ಗುಡಿ 1791ರಲ್ಲಿ ಪೂರ್ತಿಯಾಯಿತು. 1906ರ ಭೂಕಂಪದಲ್ಲೂ ಬೀಳದ ಆ ಕಟ್ಟಡಕ್ಕೆ ಬಿಸಿಲಿನಲ್ಲಿ ಒಣಗಿಸಿದ ಮಣ್ಣಿಟ್ಟಿಗೆಯ ದಪ್ಪ ಗೋಡೆ. ಮಾಡಿನ ತೊಲೆಗಳ ಮೇಲೆ ಕೆಂಪು, ಬಿಳಿ, ಹಳದಿ, ಬೂದು ಬಣ್ಣದ ಅಂಕುಡೊಂಕು ಪಟ್ಟೆಗಳಿವೆ. ಆ ವಿನ್ಯಾಸ ಇಲ್ಲಿನ ಮೂಲನಿವಾಸಿ ಓಲೋನಿ ಜನರ ಬುಟ್ಟಿಗಳದು.

ಆ ಕಾಲದ ಪಾದ್ರಿಗಳು ನಂಬಿದ್ದಂತೆ ದೀಕ್ಷಾಸ್ನಾನವಿಲ್ಲದೆ ಸತ್ತವನಿಗೆ ಸ್ವರ್ಗದ ದಾರಿ ಮುಚ್ಚಿತು. ಹೀಗಾಗಿ ಸಾಯುತ್ತಿರುವ ಮಕ್ಕಳಿಗೂ ಅವಸರದಲ್ಲಿ ದೀಕ್ಷೆ ಕೊಡುತ್ತಿದ್ದರು. ದೀಕ್ಷೆ ಪಡೆದ ಓಲೋನಿಗಳು ಮಿಷನ್ ಎಂಬ ಪಾದ್ರಿಗಳ ವಸಾಹತು ಬಿಟ್ಟು ತಮ್ಮ ಹಳ್ಳಿಗೆ ಮರಳುವಂತಿರಲಿಲ್ಲ. ಓಡಿಹೋದವರನ್ನು ಸೈನಿಕರು ಹುಡುಕಿ ಎಳೆದು ತರುತ್ತಿದ್ದರು. 1795ರಲ್ಲಿ ಇನ್ನೂರಕ್ಕೂ ಹೆಚ್ಚು ಮಂದಿ ಒಟ್ಟಾಗಿ ತಪ್ಪಿಸಿಕೊಂಡರು. 1806ರ ದಡಾರದ ಪಿಡುಗು ಕೊಲ್ಲಿಯ ಮಿಷನ್‌ಗಳಲ್ಲಿ ನೂರಾರು ಜನರನ್ನು ಬಲಿ ತೆಗೆದುಕೊಂಡಿತು. ಮಿಷನ್ ಡೊಲೊರೆಸ್‌ನ ನೆಲದಲ್ಲಿ ಐದು ಸಾವಿರಕ್ಕೂ ಹೆಚ್ಚು ಮೂಲನಿವಾಸಿಗಳು ಮಣ್ಣಾಗಿದ್ದಾರೆ. ಪಾದ್ರಿಗಳ ಉದ್ದೇಶ ಪ್ರಾಮಾಣಿಕವೇ ಇರಬಹುದು, ಆದರೆ ಉಚಿತ ವರವೆಂದು ಬೋಧಿಸಿದ್ದು ಪಡೆದವರ ಪಾಲಿಗೆ ಬಿಡಿಸಿಕೊಳ್ಳಲಾಗದ ಕಟ್ಟಾಯಿತು. ಮಿಷನ್‌ಗಳ ಮುಖ್ಯಸ್ಥನಾಗಿದ್ದ ಜುನಿಪೆರೊ ಸೆರ್ರಾನನ್ನು 2015ರಲ್ಲಿ ಪೋಪ್ ಫ್ರಾನ್ಸಿಸ್ ಸಂತನೆಂದು ಸಾರಿದರು. 2020ರ ಜೂನ್‌ನಲ್ಲಿ ಗೋಲ್ಡನ್ ಗೇಟ್ ಉದ್ಯಾನದಲ್ಲಿದ್ದ ಅವನ ಪ್ರತಿಮೆಯನ್ನು ಜನ ಹಗ್ಗ ಹಾಕಿ ಉರುಳಿಸಿದರು.

ದೀಕ್ಷಾಸ್ನಾನದ ಬಗ್ಗೆ ಕ್ಯಾಥೊಲಿಕ್ ಸಭೆಯ ಬೋಧನೆಯೂ ಸಡಿಲವಾಗುತ್ತ ಬಂದಿದೆ. ಮನಸ್ಸಿನಲ್ಲಿ ದೀಕ್ಷೆ ಬಯಸಿ ಸತ್ತವನಿಗೆ ಅದು ಸಿಕ್ಕಂತೆಯೇ ಎಂಬ ಮಾತು ಹಳೆಯದು. ದೀಕ್ಷೆಯಿಲ್ಲದೆ ತೀರಿಕೊಂಡ ಶಿಶುಗಳೂ ರಕ್ಷಣೆ ಹೊಂದುತ್ತಾರೆಂದು ಆಶಿಸಲು ಗಟ್ಟಿ ಕಾರಣಗಳಿವೆ ಎಂದು ವ್ಯಾಟಿಕನ್ನಿನ ದೇವಶಾಸ್ತ್ರ ಆಯೋಗ 2007ರಲ್ಲಿ ಹೇಳಿತು. ಬ್ಯಾಪ್ಟಿಸ್ಟರಂಥ ಸಭೆಗಳಿಗೆ ದೀಕ್ಷಾಸ್ನಾನ ರಕ್ಷಣೆಯ ಸಾಧನವೇ ಅಲ್ಲ, ನಂಬಿದವನು ಕೊಡುವ ಬಹಿರಂಗ ಸಾಕ್ಷಿ. ಶಿಶುಗಳಿಗೆ ಅದನ್ನು ಕೊಡುವುದೂ ಇಲ್ಲ.

ಹಾಗಾದರೆ ಕ್ರಿಸ್ತನ ಹೆಸರನ್ನೇ ಕೇಳದೆ ಸತ್ತವರ ಗತಿ ಏನು? ಇದನ್ನು ಕೇಳುವವರು ಹೆಚ್ಚಾಗಿ ತಮ್ಮ ಅಜ್ಜ ಅಜ್ಜಿಯರನ್ನು ನೆನೆದು ಕೇಳುತ್ತಾರೆ. 1834ರಲ್ಲಿ ಬಾಸೆಲ್ ಮಿಷನ್ ಬಂದ ಮೇಲೆ ಮಂಗಳೂರಿನಲ್ಲಿ ಹೊಸದಾಗಿ ಕ್ರೈಸ್ತರಾದವರಿಗೂ ಇದು ಮನೆಯ ಪ್ರಶ್ನೆಯೇ ಆಗಿತ್ತು. ಎರಡನೆಯ ವ್ಯಾಟಿಕನ್ ಮಹಾಸಭೆ 1964ರಲ್ಲಿ ಕೊಟ್ಟ ಉತ್ತರ ಉದಾರವಾದುದು: ತಮ್ಮ ತಪ್ಪಿಲ್ಲದೆ ಸುವಾರ್ತೆಯನ್ನು ಅರಿಯದವರು ಪ್ರಾಮಾಣಿಕವಾಗಿ ದೇವರನ್ನು ಅರಸಿ ಅಂತಃಸಾಕ್ಷಿಗೆ ತಕ್ಕಂತೆ ನಡೆದರೆ ರಕ್ಷಣೆ ಹೊಂದಬಲ್ಲರು. ಅನೇಕ ಇವ್ಯಾಂಜೆಲಿಕಲ್ ಸಭೆಗಳು ಇದನ್ನು ಒಪ್ಪುವುದಿಲ್ಲ.

ಅದೇ 1964ರಲ್ಲಿ ಓಕ್‌ಲ್ಯಾಂಡಿನ ಗುಡ್ಡದ ಮೇಲೆ ಪ್ರತಿಷ್ಠೆಯಾದ, ಮಾರ್ಮನ್ನರೆಂಬ ಸಭೆಯವರ ದೇವಾಲಯದ ಐದು ಶಿಖರಗಳು ರಾತ್ರಿಯ ದೀಪದಲ್ಲಿ ಕೊಲ್ಲಿಯ ಆಚೆ ದಡಕ್ಕೂ ಕಾಣುತ್ತವೆ. ಮಾರ್ಮನ್ನರ ಪರಿಹಾರ ಬೇರೆ ಸಭೆಗಳಲ್ಲಿ ಅಪರೂಪವಾದದ್ದು. ಹನ್ನೆರಡು ಎತ್ತುಗಳ ಪ್ರತಿಮೆಗಳು ಹೊತ್ತು ನಿಂತ ನೀರಿನ ಕೊಳದಲ್ಲಿ, ಸತ್ತವರ ಪರವಾಗಿ ಬದುಕಿರುವವರು ಮುಳುಗಿ ದೀಕ್ಷೆ ಪಡೆಯುತ್ತಾರೆ. ಅದನ್ನು ಸ್ವೀಕರಿಸುವುದೂ ಬಿಡುವುದೂ ಆ ಆತ್ಮದ ಇಷ್ಟ ಎನ್ನುತ್ತಾರೆ. ಮಾರ್ಮನ್ನರು ವಂಶಾವಳಿಯ ದಾಖಲೆಗಳನ್ನು ಜಗತ್ತಿನ ಮೂಲೆಮೂಲೆಯಿಂದ ಕಲೆಹಾಕಿರುವುದಕ್ಕೆ ಕಾರಣ ಇದು. ನಾಜಿಗಳು ಕೊಂದ ಯಹೂದಿಗಳಿಗೂ ಹೀಗೆ ದೀಕ್ಷೆ ಕೊಟ್ಟಿದ್ದು ಗೊತ್ತಾಗಿ ಪ್ರತಿಭಟನೆ ಎದ್ದಾಗ, 1995ರಲ್ಲಿ ಅದನ್ನು ನಿಲ್ಲಿಸಲು ಸಭೆ ಒಪ್ಪಿಕೊಂಡಿತು. ಮಾರ್ಮನ್ನರ ದೀಕ್ಷಾಸ್ನಾನವನ್ನು ರೋಮಿನ ಸಭೆ ಮಾನ್ಯ ಮಾಡುವುದಿಲ್ಲ.

ಜೀವಮಾನವೆಲ್ಲ ಕೆಟ್ಟದ್ದು ಮಾಡಿ ಸಾಯುವ ಗಳಿಗೆಯಲ್ಲಿ ಪಶ್ಚಾತ್ತಾಪ ಪಟ್ಟವನಿಗೂ ರಕ್ಷಣೆ ಉಂಟೇ ಎಂಬ ಪ್ರಶ್ನೆಗೆ ಲೂಕನ ಸುವಾರ್ತೆ ಉಂಟು ಎನ್ನುತ್ತದೆ. ಯೇಸುವಿನ ಪಕ್ಕದ ಶಿಲುಬೆಯಲ್ಲಿದ್ದ ಅಪರಾಧಿಗೆ ಕೊನೆಯ ಹೊತ್ತಿನಲ್ಲಿ ಪರದೈಸಿನ ವಾಗ್ದಾನ ಸಿಕ್ಕಿತು. ಕೊಲ್ಲಿಯ ಉತ್ತರ ದಡದಲ್ಲಿರುವ ಸ್ಯಾನ್ ಕ್ವೆಂಟಿನ್ ಸೆರೆಮನೆಯಲ್ಲಿ, ಮರಣದಂಡನೆಗೆ ಗುರಿಯಾದವರನ್ನು ಇಡುತ್ತಿದ್ದ ಕೋಣೆಗಳಲ್ಲಿ, ಪಾದ್ರಿಗಳು ದಶಕಗಳ ಕಾಲ ಇದನ್ನೇ ಹೇಳಿದ್ದಾರೆ. ಕೊಲೆಯಾದವರ ಮನೆಯವರಿಗೆ ಇದು ಅನ್ಯಾಯವೆನಿಸುವುದು ಸಹಜ. ದೇವರ ಕ್ಷಮೆ ನ್ಯಾಯಾಲಯದ ಶಿಕ್ಷೆಯನ್ನು ರದ್ದು ಮಾಡುವುದಿಲ್ಲ, ತೋರಿಕೆಯ ಪಶ್ಚಾತ್ತಾಪ ಪಶ್ಚಾತ್ತಾಪವೇ ಅಲ್ಲ ಎಂದು ಸಭೆಗಳು ಸೇರಿಸುತ್ತವೆ. ಪಶ್ಚಾತ್ತಾಪ ಬೇಡದ ಕ್ಷಮೆಯನ್ನು ಅಗ್ಗದ ಕೃಪೆ ಎಂದು ಜರ್ಮನಿಯ ಪಾದ್ರಿ ಡೀಟ್ರಿಕ್ ಬಾನ್‌ಹಾಫರ್ 1937ರಲ್ಲಿ ಜರೆದರು. 1945ರಲ್ಲಿ ನಾಜಿಗಳು ಅವರನ್ನು ಗಲ್ಲಿಗೇರಿಸಿದರು. ಒಮ್ಮೆ ಸಿಕ್ಕ ರಕ್ಷಣೆ ಕೈತಪ್ಪಬಹುದೇ ಎಂಬ ಪ್ರಶ್ನೆಗೆ ಬ್ಯಾಪ್ಟಿಸ್ಟರಲ್ಲಿ ಬಹುಪಾಲು ಜನ ಇಲ್ಲ ಎನ್ನುತ್ತಾರೆ, ಮೆಥಡಿಸ್ಟರೂ ಕ್ಯಾಥೊಲಿಕರೂ ಹೌದು ಎನ್ನುತ್ತಾರೆ.

ಇಲ್ಲಿಯವರೆಗಿನ ಮಾತೆಲ್ಲ ಅಪರಾಧ, ಕ್ಷಮೆ, ತೀರ್ಪು ಎಂಬ ನ್ಯಾಯಾಲಯದ ಭಾಷೆಯಲ್ಲಿದೆ. ಪೂರ್ವದ ಆರ್ಥೊಡಾಕ್ಸ್ ಸಭೆ ರಕ್ಷಣೆಯನ್ನು ಹೆಚ್ಚಾಗಿ ವಾಸಿಯಾಗುವಿಕೆ ಎಂದೇ ಕಾಣುತ್ತದೆ. ಮನುಷ್ಯ ಕೃಪೆಯಿಂದ ದೇವರ ಬದುಕಿನಲ್ಲಿ ಪಾಲುಗೊಂಡು ದೈವಸ್ವರೂಪನಾಗುತ್ತ ಹೋಗುತ್ತಾನೆ. ದೇವರ ಸಾರದಲ್ಲಿ ಮಾತ್ರ ಒಂದಾಗುವುದಿಲ್ಲ. ಸ್ಯಾನ್ ಫ್ರಾನ್ಸಿಸ್ಕೊದ ಗೇರಿ ಬೂಲೆವಾರ್ಡ್‌ನಲ್ಲಿ ಚಿನ್ನದ ಗುಮ್ಮಟಗಳ ರಷ್ಯನ್ ಗುಡಿಯೊಂದಿದೆ. 1966ರಲ್ಲಿ ತೀರಿಕೊಂಡ, 1994ರಲ್ಲಿ ಸಂತರೆಂದು ಘೋಷಿತರಾದ ಆರ್ಚ್‌ಬಿಷಪ್ ಜಾನ್ ಅವರ ದೇಹವನ್ನು ಅಲ್ಲಿ ದರ್ಶನಕ್ಕೆ ಇಟ್ಟಿದ್ದಾರೆ. ಕೃಪೆ ದೇಹವನ್ನೂ ಮುಟ್ಟುತ್ತದೆ ಎಂಬ ನಂಬಿಕೆಗೆ ಭಕ್ತರು ಅದನ್ನೇ ಸಾಕ್ಷಿಯಾಗಿ ತೋರಿಸುತ್ತಾರೆ.

ಎಲ್ಲಕ್ಕಿಂತ ಗಟ್ಟಿಯಾದ ಗಂಟು ಇನ್ನೂ ಉಳಿದಿದೆ. ದೇವರು ಕೊಡುವುದನ್ನು ಬೇಡವೆನ್ನುವ ಸ್ವಾತಂತ್ರ್ಯ ಮನುಷ್ಯನಿಗೆ ಇದೆಯೇ? ಇದೆ ಎಂದರೆ ಕೊನೆಯ ಮಾತು ಮನುಷ್ಯನದಾಗುತ್ತದೆ. ಇಲ್ಲ ಎಂದರೆ ರಕ್ಷಣೆ ಸಿಗದವನ ತಪ್ಪೇನು ಎಂಬ ಪ್ರಶ್ನೆ ಏಳುತ್ತದೆ. ಯಾರು ರಕ್ಷಣೆ ಹೊಂದಬೇಕೆಂದು ದೇವರು ಲೋಕ ಹುಟ್ಟುವ ಮೊದಲೇ ಆರಿಸಿದ್ದಾನೆ ಎಂದು ಜಾನ್ ಕ್ಯಾಲ್ವಿನ್ ಕಲಿಸಿದ. ಅವನ ಅನುಯಾಯಿಗಳು 1618-19ರ ಡಾರ್ಟ್ ಸಭೆಯಲ್ಲಿ ಅದನ್ನು ಸೂತ್ರವಾಗಿ ಕಟ್ಟಿದರು.

ಈ ಸೂತ್ರವನ್ನು ತುದಿಯವರೆಗೆ ಎಳೆದವರು ಓಕ್‌ಲ್ಯಾಂಡಿನ ಫ್ಯಾಮಿಲಿ ರೇಡಿಯೊ ಎಂಬ ಕ್ರೈಸ್ತ ಬಾನುಲಿ ಕೇಂದ್ರದಲ್ಲಿದ್ದ ಹೆರಾಲ್ಡ್ ಕ್ಯಾಂಪಿಂಗ್. ವೃತ್ತಿಯಿಂದ ಸಿವಿಲ್ ಎಂಜಿನಿಯರ್. 1961ರಿಂದ 2011ರವರೆಗೆ ‘ಓಪನ್ ಫೋರಂ’ ಎಂಬ ಕಾರ್ಯಕ್ರಮದಲ್ಲಿ ಫೋನ್ ಮಾಡಿದವರ ಪ್ರಶ್ನೆಗಳಿಗೆ ಆಳವಾದ, ನಿಧಾನ ದನಿಯಲ್ಲಿ ಬೈಬಲ್ ತಿರುವುತ್ತ ಉತ್ತರಿಸುತ್ತಿದ್ದರು. ನನಗೆ ರಕ್ಷಣೆಯಾಗಿದೆಯೇ ಎಂದು ಕೇಳಿದವರಿಗೆ ಅವರ ಉತ್ತರ ಕಠಿಣ: ನಂಬುವುದು ಕೂಡ ಮನುಷ್ಯನ ಕೆಲಸವೇ, ಅದರಿಂದ ರಕ್ಷಣೆ ಬಾರದು, ದೇವರ ಕರುಣೆಗಾಗಿ ಮೊರೆಯಿಡಬಹುದು, ಅಷ್ಟೆ. ಆಮೇಲೆ ಅವರು ಬೈಬಲಿನಿಂದ ಲೆಕ್ಕ ಹಾಕಿ 2011ರ ಮೇ 21ರಂದು ದೇವರು ಆರಿಸಿದವರು ಮೇಲಕ್ಕೆ ಎತ್ತಲ್ಪಡುತ್ತಾರೆ ಎಂದು ಸಾರಿದರು. ಊರೂರಲ್ಲಿ ದೊಡ್ಡ ಜಾಹೀರಾತು ಫಲಕಗಳು ಎದ್ದವು. ಕೆಲವರು ಕೆಲಸ ಬಿಟ್ಟರು, ಕೂಡಿಟ್ಟ ಹಣ ಪ್ರಚಾರಕ್ಕೆ ಸುರಿದರು. ಆ ದಿನ ಏನೂ ಆಗಲಿಲ್ಲ. ಅಕ್ಟೋಬರ್ 21 ಎಂದರು, ಅದೂ ಕಳೆಯಿತು. 2012ರಲ್ಲಿ ತಾರೀಖು ಹೇಳಿದ್ದು ಪಾಪವೆಂದು ಒಪ್ಪಿಕೊಂಡ ಕ್ಯಾಂಪಿಂಗ್ 2013ರಲ್ಲಿ ತೀರಿಕೊಂಡರು. ಮನುಷ್ಯನ ಪಾಲು ಸೊನ್ನೆ ಎಂದು ಅರ್ಧ ಶತಮಾನ ಬೋಧಿಸಿದ ಮನುಷ್ಯ ದೇವರ ಕ್ಯಾಲೆಂಡರನ್ನು ತಾನೇ ಬರೆಯಲು ಹೋಗಿದ್ದು ವಿಚಿತ್ರ.

ಈ ಗಂಟು ಕನ್ನಡದ ಕೇಳುಗರಿಗೆ ಹೊಸದಲ್ಲ. ಮರಿ ತಾಯಿಯನ್ನು ತಬ್ಬಿ ಹಿಡಿದುಕೊಳ್ಳಬೇಕೆಂಬ ಮರ್ಕಟ ನ್ಯಾಯ, ತಾಯಿಯೇ ಮರಿಯನ್ನು ಕಚ್ಚಿಕೊಂಡು ಹೋಗುವ ಮಾರ್ಜಾಲ ನ್ಯಾಯ ಶ್ರೀವೈಷ್ಣವರ ವಡಗಲೆ ತೆಂಗಲೆಗಳ ವಾದದಲ್ಲಿ ಪ್ರಸಿದ್ಧ. ಜರ್ಮನ್ ವಿದ್ವಾಂಸ ರುಡಾಲ್ಫ್ ಒಟ್ಟೊ ಭಾರತದ ಈ ಕೃಪಾಮಾರ್ಗವನ್ನು ಕ್ರೈಸ್ತ ಧರ್ಮದೊಂದಿಗೆ ಹೋಲಿಸಿ 1930ರಲ್ಲಿ ಪುಸ್ತಕವನ್ನೇ ಬರೆದರು. ಮುಕ್ತಿಯೋಗ್ಯರು, ನಿತ್ಯಸಂಸಾರಿಗಳು, ತಮೋಯೋಗ್ಯರು ಎಂದು ಜೀವರ ಯೋಗ್ಯತೆ ಅನಾದಿಯಿಂದಲೇ ಬೇರೆ ಎನ್ನುವ ಮಧ್ವಾಚಾರ್ಯರ ಮತವನ್ನೂ ಕೆಲವರು ಕ್ಯಾಲ್ವಿನನ ಪಕ್ಕದಲ್ಲಿಟ್ಟು ನೋಡಿದ್ದಾರೆ. ವ್ಯತ್ಯಾಸ ಮುಖ್ಯವಾದದ್ದು: ಮಧ್ವರಲ್ಲಿ ಅದು ಜೀವದ ಸ್ವಭಾವ, ಕ್ಯಾಲ್ವಿನನಲ್ಲಿ ದೇವರ ಆಯ್ಕೆ.

ಇದೇ ಗಂಟು ಕ್ಯಾಥೊಲಿಕರ ಒಳಗೂ ಜಗಳ ತಂದಿತ್ತು. ಬರ್ಕ್ಲಿಯ ವಿಶ್ವವಿದ್ಯಾಲಯದ ಉತ್ತರಕ್ಕಿರುವ ದಿಬ್ಬಕ್ಕೆ ಜನ ಹೋಲಿ ಹಿಲ್ ಎನ್ನುತ್ತಾರೆ. 1962ರಲ್ಲಿ ಆರಂಭವಾದ ಗ್ರಾಜುಯೇಟ್ ಥಿಯೊಲಾಜಿಕಲ್ ಯೂನಿಯನ್ ಇರುವುದು ಅಲ್ಲಿ. ಹಿಂದೂ ಸಂಪ್ರದಾಯಗಳ ಅಧ್ಯಯನಕ್ಕೂ ಅದರಲ್ಲೊಂದು ಕೇಂದ್ರವಿದೆ. ಕ್ಯಾಥೊಲಿಕ್ ಸನ್ಯಾಸಿ ಸಂಘಗಳಾದ ಜೆಸ್ಯುಟರ ಮತ್ತು ಡೊಮಿನಿಕನ್ನರ ದೇವಶಾಸ್ತ್ರ ಶಾಲೆಗಳು ಅಲ್ಲಿ ನಡೆದು ಹೋಗುವಷ್ಟು ಹತ್ತಿರದಲ್ಲಿ ನೆಲೆಯೂರಿದ್ದವು. ಹದಿನಾರನೆಯ ಶತಮಾನದ ಕೊನೆಗೆ ಸ್ಪೇನಿನಲ್ಲಿ ಈ ಎರಡು ಸಂಘಗಳು ಇದೇ ಪ್ರಶ್ನೆಗೆ ಹರಿಹಾಯ್ದಿದ್ದವು. ಮನುಷ್ಯ ಏನನ್ನು ಆರಿಸುತ್ತಾನೆಂದು ಮೊದಲೇ ತಿಳಿದು ದೇವರು ಕೃಪೆ ಕೊಡುತ್ತಾನೆ ಎಂದು ಜೆಸ್ಯುಟ್ ಲೂಯಿಸ್ ದೆ ಮೊಲಿನಾ 1588ರಲ್ಲಿ ಬರೆದ. ಹಾಗಲ್ಲ, ಮನುಷ್ಯನ ಆಯ್ಕೆಯನ್ನು ನಡೆಸುವುದೂ ಕೃಪೆಯೇ ಎಂದು ಡೊಮಿನಿಕನ್ ದೊಮಿಂಗೊ ಬಾನ್ಯೆಸ್ ಎದುರು ನಿಂತ. ರೋಮಿನಲ್ಲಿ ವರ್ಷಗಟ್ಟಲೆ ವಿಚಾರಣೆ ನಡೆಯಿತು. 1607ರಲ್ಲಿ ಐದನೆಯ ಪೌಲ್ ಪೋಪರು ಯಾರ ಕಡೆಗೂ ತೀರ್ಪು ಕೊಡದೆ, ಒಬ್ಬರನ್ನೊಬ್ಬರು ಪಾಷಂಡಿಗಳೆಂದು ಕರೆಯಕೂಡದೆಂದು ವಿಧಿಸಿ, ಸರಿಯಾದ ಸಮಯದಲ್ಲಿ ನಿರ್ಣಯ ಪ್ರಕಟಿಸುವುದಾಗಿ ಹೇಳಿ ಎರಡೂ ಕಡೆಯವರನ್ನು ಮನೆಗೆ ಕಳುಹಿಸಿದರು. ಆ ನಿರ್ಣಯ ಈವರೆಗೆ ಪ್ರಕಟವಾಗಿಲ್ಲ.