ಸಾವರ್‌ಪಾಡಾ ಎಕ್ಸ್‌ಪ್ರೆಸ್: ಕವಿತಾ ರಾವುತ್ ಓಡಿದ ದಾರಿ

ಪುಣೆ, ಮುಂಬೈ, ನಾಶಿಕ್ ಕಡೆ ಕೆಲಸಕ್ಕೆ ಬಂದಿರೋ ನಮ್ಮವರಿಗೆ ತ್ರ್ಯಂಬಕೇಶ್ವರ ಅಂದ್ರೆ ಏನು ನೆನಪಾಗುತ್ತೆ? ಊರಿಂದ ಅಪ್ಪ-ಅಮ್ಮ ಬಂದಾಗ ಜ್ಯೋತಿರ್ಲಿಂಗ ದರ್ಶನ, ಆಮೇಲೆ ಗೋದಾವರಿ ಹುಟ್ಟೋ ಬ್ರಹ್ಮಗಿರಿ. ಜಾತಕ ನೋಡಿದವರು ಹೇಳಿದ್ರೆ ಕಾಲಸರ್ಪ ಶಾಂತಿ. ಅಷ್ಟು ಮುಗಿಸಿ ಕಾರು ವಾಪಸ್ ತಿರುಗಿಸ್ತೀವಿ. ಹಾಗೆ ತಿರುಗಿಸದೆ ಹರಸೂಲ್ ಕಡೆಗೆ ಹೋದ್ರೆ ಆದಿವಾಸಿ ಹಳ್ಳಿಗಳು ಸಿಗ್ತವೆ. ಅದರಲ್ಲೊಂದು ಸಾವರ್‌ಪಾಡಾ. ಅಲ್ಲಿ 1985ರಲ್ಲಿ ಹುಟ್ಟಿದ ಕವಿತಾ ರಾವುತ್ ಬಗ್ಗೆ ಇವತ್ತು ಮಾತಾಡೋಣ.

ನಮ್ಮಲ್ಲಿ ಈಗ ಟ್ರಯಾಥ್ಲಾನ್ ಹುಚ್ಚು ಜೋರಾಗಿದೆ. ಗೋವಾದಲ್ಲಿ ಹಾಫ್ ಐರನ್‌ಮ್ಯಾನ್ ಮಾಡಿದ ಸಹೋದ್ಯೋಗಿಗಳು ನಿಮಗೂ ಇರ್ತಾರೆ. 2000ದಲ್ಲಿ ಸಿಡ್ನಿಯಲ್ಲಿ ಈ ಆಟ ಮೊದಲ ಸಲ ಒಲಿಂಪಿಕ್ಸ್‌ಗೆ ಬಂದಾಗ ಪುರುಷರ ಕಂಚು ಗೆದ್ದವರು ಚೆಕ್ ದೇಶದ ಯಾನ್ ರ್ಝೆಹುಲಾ. ಆ ಆಟಕ್ಕೆ ಈಜುಕೊಳ ಬೇಕು, ಒಳ್ಳೆ ಸೈಕಲ್ ಬೇಕು. ಕವಿತಾ ಓಟ ಆರಿಸಿಕೊಂಡಿದ್ದೇ ಅದಕ್ಕೆ ಏನೂ ಬೇಡ, ಬರಿಗಾಲಲ್ಲೂ ಓಡಬಹುದು ಅಂತ. ಮುಂದೆ ನಾಶಿಕ್‌ನಲ್ಲಿ ಕೋಚ್ ವಿಜೇಂದರ್ ಸಿಂಗ್ ಅವರ ಕೈಗೆ ಬಿದ್ದರು. ಒಎನ್‌ಜಿಸಿಯಲ್ಲಿ ಕೆಲಸವೂ ಸಿಕ್ಕಿತು. ನಮ್ಮ ದೇಶದಲ್ಲಿ ಕ್ರೀಡಾಪಟುವಿಗೆ ತಿಂಗಳ ಸಂಬಳ ಎಷ್ಟು ಮುಖ್ಯ ಅಂತ ಬಿಡಿಸಿ ಹೇಳಬೇಕಿಲ್ಲ.

ಈಗ ನನಗಿಷ್ಟವಾದ ಭಾಗ, ಅಂಕಿಗಳು. (ಎಂಟೆಕ್ ಮಾಡಿದವನ ಕೈಗೆ ಮೈಕ್ ಕೊಟ್ಟರೆ ಇದೇ ಗತಿ, ಸಹಿಸ್ಕೊಳ್ಳಿ.) 2010ರ ಅಕ್ಟೋಬರ್ 8, ದೆಹಲಿ ಕಾಮನ್‌ವೆಲ್ತ್ ಕ್ರೀಡಾಕೂಟ, 10,000 ಮೀಟರ್. ಟ್ರ್ಯಾಕ್‌ನಲ್ಲಿ 25 ಸುತ್ತು. ಮೊದಲೆರಡು ಸ್ಥಾನ ಕೀನ್ಯಾದವರಿಗೆ. ಮೂರನೆಯವರಾಗಿ ಕವಿತಾ, 33 ನಿಮಿಷ 5.28 ಸೆಕೆಂಡಿಗೆ. ಕಾಮನ್‌ವೆಲ್ತ್ ಟ್ರ್ಯಾಕ್‌ನಲ್ಲಿ ವೈಯಕ್ತಿಕ ಪದಕ ಗೆದ್ದ ಮೊದಲ ಭಾರತೀಯ ಮಹಿಳೆ ಅವರು. 1958ರಲ್ಲಿ ಮಿಲ್ಖಾ ಸಿಂಗ್ ಗೆದ್ದ ಮೇಲೆ ಗಂಡಸರಿಗೂ ಅಲ್ಲಿ ಅಂಥ ಪದಕ ಬಂದಿರಲಿಲ್ಲ.

ಸುಮಾರು ಆರು ವಾರ ಬಿಟ್ಟು, ನವೆಂಬರ್ 21ಕ್ಕೆ, ಚೀನಾದ ಗುವಾಂಗ್‌ಝೌನಲ್ಲಿ ಏಷ್ಯನ್ ಗೇಮ್ಸ್. ಅದೇ ದೂರ. ಈ ಸಲ 31 ನಿಮಿಷ 51.44 ಸೆಕೆಂಡು! ಸುತ್ತಿಗೆ 79 ಸೆಕೆಂಡು ಚಿಲ್ಲರೆ ತಗೊಂಡಿದ್ದವರು 76 ಚಿಲ್ಲರೆಗೆ ಇಳಿದಿದ್ದರು. ಸುತ್ತಿಗೆ ಬರೀ ಮೂರು ಸೆಕೆಂಡು ಅನ್ನಿಸುತ್ತೆ, ಆದ್ರೆ ಒಟ್ಟು 73 ಸೆಕೆಂಡು ಮೀರುತ್ತೆ. ಕಿಲೋಮೀಟರಿಗೆ ಮೂರು ನಿಮಿಷ ಹನ್ನೊಂದು ಸೆಕೆಂಡಿನ ವೇಗ. ನಾವು ಭಾನುವಾರದ ಓಟದಲ್ಲಿ ಆರು ನಿಮಿಷಕ್ಕೆ ಒಂದು ಕಿಲೋಮೀಟರ್ ಓಡಿ ಸ್ಟೇಟಸ್ ಹಾಕ್ತೀವಲ್ಲ, ಆ ಲೆಕ್ಕದಲ್ಲಿ ನೋಡಿ.

ಅಷ್ಟು ಓಡಿದರೂ ಬಂದಿದ್ದು ಬೆಳ್ಳಿ. ಕೇರಳದ ಪ್ರೀಜಾ ಶ್ರೀಧರನ್ 31:50.47ಕ್ಕೆ ಮುಗಿಸಿ ಚಿನ್ನ ಗೆದ್ದರು. ಇಬ್ಬರ ನಡುವಿನ ಅಂತರ ಒಂದು ಸೆಕೆಂಡೂ ಇಲ್ಲ. ಮೂರನೆಯ ಬಹ್ರೇನ್ ಓಟಗಾರ್ತಿ ಇನ್ನೂ ಎರಡು ಸೆಕೆಂಡು ಹಿಂದೆ. ಆರು ವಾರದಲ್ಲಿ ಯಾರ ಕಾಲೂ ಹೊಸದಾಗಲ್ಲ. ಮೂವರೂ ಒಬ್ಬರನ್ನೊಬ್ಬರು ಎಳೆದುಕೊಂಡು ಹೋಗಿದ್ದಕ್ಕೇ ಆ ಟೈಮಿಂಗ್ ಬಂತು ಅಂತ ನನಗನ್ನಿಸುತ್ತೆ. 5,000 ಮೀಟರ್‌ನಲ್ಲೂ ಇದೇ ಜೋಡಿ: ಪ್ರೀಜಾಗೆ ಬೆಳ್ಳಿ, ಕವಿತಾಗೆ ಕಂಚು.

2012ರಲ್ಲಿ ಅರ್ಜುನ ಪ್ರಶಸ್ತಿ ಬಂತು. ಆದರೆ ಅದೇ ವರ್ಷದ ಲಂಡನ್ ಒಲಿಂಪಿಕ್ಸ್‌ನಲ್ಲಿ ಅವರಿರಲಿಲ್ಲ. ಏಷ್ಯಾದ ಬೆಳ್ಳಿ ಕೈಯಲ್ಲಿದ್ದರೂ ಒಲಿಂಪಿಕ್ಸ್ ಇಲ್ಲ. ಇಲ್ಲಿಗೆ ಸಾಕು ಅಂದಿದ್ದರೂ ಯಾರೂ ತಪ್ಪು ತಿಳೀತಿರಲಿಲ್ಲ. ಅವರು ದೂರ ಬದಲಾಯಿಸಿದರು, ಮ್ಯಾರಥಾನ್‌ಗೆ ಬಂದರು. 25 ಸುತ್ತು ಓಡೋ ದೇಹವನ್ನ 42 ಕಿಲೋಮೀಟರಿಗೆ ಒಗ್ಗಿಸೋದು ಹೊಸ ಕೋಡಿಂಗ್ ಭಾಷೆ ಕಲಿತಷ್ಟು ಸುಲಭ ಅಲ್ಲ. 2016ರ ಫೆಬ್ರವರಿಯಲ್ಲಿ ಗುವಾಹಟಿಯ ದಕ್ಷಿಣ ಏಷ್ಯಾ ಕ್ರೀಡಾಕೂಟದಲ್ಲಿ 2 ಗಂಟೆ 38 ನಿಮಿಷ 38 ಸೆಕೆಂಡಿಗೆ ಓಡಿ ಚಿನ್ನ ಗೆದ್ದರು. ರಿಯೋಗೆ ಬೇಕಿದ್ದದ್ದು 2 ಗಂಟೆ 45 ನಿಮಿಷ. ಮೂವತ್ತು ದಾಟಿದ ಮೇಲೆ ಮೊದಲ ಒಲಿಂಪಿಕ್ಸ್ ಟಿಕೆಟ್.

ರಿಯೋದಲ್ಲಿ 2:59:29, 120ನೇ ಸ್ಥಾನ. ಆಗ ನಮ್ಮ ಜನ ಮಾತಾಡಿದ್ದು ಅವರ ಓಟದ ಬಗ್ಗೆ ಅಲ್ಲ, ಜೊತೆಗೆ ಓಡಿದ ಒ.ಪಿ. ಜೈಶಾಗೆ ದಾರಿಯಲ್ಲಿ ನೀರು ಸಿಗಲಿಲ್ಲ ಅನ್ನೋ ಜಗಳದ ಬಗ್ಗೆ. ಅಪ್ರೈಸಲ್ ಥರ ನೋಡಿದ್ರೆ 120 ಅಂದ್ರೆ ಕಳಪೆ ರೇಟಿಂಗ್. ಆ ಸಂಖ್ಯೆ ಒಂದು ಬೆಳಗಿನ ಓಟದ್ದು, ಅಷ್ಟೇ. ಅದರಲ್ಲಿ ಗುವಾಂಗ್‌ಝೌ ಇಲ್ಲ, ಗುವಾಹಟಿ ಇಲ್ಲ, ಹರಸೂಲ್ ರಸ್ತೆಯಂತೂ ಇಲ್ಲವೇ ಇಲ್ಲ.

ಇನ್ನೊಂದು ವಿಷಯ. ವಿಜೇಂದರ್ ಸಿಂಗ್ ಅವರ ಶಿಷ್ಯರ ಪಟ್ಟಿ ಕವಿತಾಗೆ ನಿಲ್ಲಲಿಲ್ಲ. ನಾಶಿಕ್ ಜಿಲ್ಲೆಯವರೇ ಆದ ಮೋನಿಕಾ ಆಥರೆ 2017ರ ಲಂಡನ್ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಮ್ಯಾರಥಾನ್ ಓಡಿದರು. ಅದೇ ವರ್ಷ ಸಂಜೀವನಿ ಜಾಧವ್ ಭುವನೇಶ್ವರದ ಏಷ್ಯನ್ ಚಾಂಪಿಯನ್‌ಶಿಪ್‌ನಲ್ಲಿ 5,000 ಮೀಟರ್ ಕಂಚು ಗೆದ್ದರು.

ಮುಂದಿನ ಸಲ ತ್ರ್ಯಂಬಕಕ್ಕೆ ಹೋದಾಗ ಟೈಮ್ ಇದ್ರೆ ಹರಸೂಲ್ ಕಡೆ ಒಂದಷ್ಟು ದೂರ ಹೋಗಿ ಬನ್ನಿ. ಮಳೆಗಾಲ ಆದ್ರೆ ನಿಧಾನಕ್ಕೆ ಓಡಿಸಿ. ಈಗ ಪ್ರಶ್ನೆ ಇದ್ರೆ ಕೇಳಿ.