ಕೀಲುನೋವೆಲ್ಲ ವಾಯು ಅಲ್ಲ
(ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣ)



ಕುಕ್ಕರಗಾಲಲ್ಲಿ ಕುಳಿತು ಹಾಲು ಕರೆಯುವ, ಹುಲ್ಲಿನ ಹೊರೆ ಹೊರುವ ನಿಮಗೆ ಮಂಡಿ, ಸೊಂಟದ ನೋವು ಹೊಸದಲ್ಲ. 'ವಾಯು' ಎಂದು ಎಣ್ಣೆ ತಿಕ್ಕಿ, ಅಂಗಡಿಯ ಮಾತ್ರೆ ನುಂಗಿ ಸುಮ್ಮನಾಗುತ್ತೀರಿ. ಆದರೆ ನೋವೆಲ್ಲ ಒಂದೇ ಅಲ್ಲ.

ನಡುವಯಸ್ಸು ದಾಟಿದವರಿಗೆ ಕುಳಿತು ಏಳುವಾಗ ಮಂಡಿ ನೋಯುತ್ತಿದ್ದು, ಬೆಳಗಿನ ಬಿಗಿತ ಅರ್ಧ ಗಂಟೆಯೊಳಗೆ ಸಡಿಲವಾದರೆ ಅದು ಸಾಮಾನ್ಯವಾಗಿ ಕೀಲು ಸವೆತ. ಎತ್ತರದ ಮಣೆಯ ಮೇಲೆ ಕುಳಿತು ಕರೆಯಿರಿ. ತೊಡೆಗೆ ಬಲ ಕೊಡುವ ವ್ಯಾಯಾಮ ಮಾಡಿ. ತೂಕ ಹೆಚ್ಚಿದ್ದರೆ ಇಳಿಸಿ.

ಎರಡೂ ಕೈಗಳ ಬೆರಳ ಗೆಣ್ಣು, ಮಣಿಕಟ್ಟು ಊದಿ, ಬಿಗಿತ ಒಂದು ಗಂಟೆಗೂ ಮೀರಿದರೆ ಸಂಧಿವಾತ ಇರಬಹುದು. ತಡಮಾಡಿದರೆ ಕೀಲು ಶಾಶ್ವತವಾಗಿ ಸೊಟ್ಟಗಾದೀತು. ಬೇಗ ವೈದ್ಯರಿಗೆ ತೋರಿಸಿ.

ಮೂರನೆಯದು ಕೊಟ್ಟಿಗೆಯಿಂದಲೇ ಬರುವಂಥದು. ಬಿಟ್ಟುಬಿಟ್ಟು ಜ್ವರ, ಬೆವರು, ಜೊತೆಗೆ ಸೊಂಟ, ಕೀಲು ನೋವು ಇದ್ದರೆ ಬ್ರೂಸೆಲ್ಲೋಸಿಸ್ ಇರಬಹುದು. ಹಸುಗಳು ಕಂದು ಹಾಕಲು ಕಾರಣವಾಗುವ ರೋಗವೇ ಇದು. ಕಂದು ಹಾಕಿದ ಹಸುವಿನ ಮಾಸನ್ನು ಬರಿಗೈಯಲ್ಲಿ ಮುಟ್ಟಿದರೆ, ಹಸಿ ಹಾಲು ಕುಡಿದರೆ ನಮಗೂ ತಗಲುತ್ತದೆ. ರಕ್ತಪರೀಕ್ಷೆಯಿಂದ ಪತ್ತೆಯಾಗುತ್ತದೆ. ಔಷಧಿ ಕನಿಷ್ಠ 6 ವಾರ ಬೇಕು. ಜ್ವರ ಬಿಟ್ಟಿತೆಂದು ನಡುವೆ ನಿಲ್ಲಿಸಿದರೆ ಮರುಕಳಿಸುತ್ತದೆ.

ಆದ್ದರಿಂದ ವೈದ್ಯರು ಕೇಳದಿದ್ದರೂ, 'ಹಸು ಸಾಕಿದ್ದೇನೆ, ಇಂಥ ತಿಂಗಳಲ್ಲಿ ಒಂದು ಕಂದು ಹಾಕಿತ್ತು' ಎಂದು ನೀವೇ ಹೇಳಿ. ಆ ಒಂದು ಮಾತು ರೋಗದ ಗುರುತು ಹಿಡಿಯಲು ದಾರಿಯಾದೀತು.

ಕಂದು, ಮಾಸುಗಳನ್ನು ಕೈಗವಸು ತೊಟ್ಟೇ ಎತ್ತಿ, ಸುಣ್ಣ ಹಾಕಿ ಆಳವಾಗಿ ಹೂಳಿ. 4ರಿಂದ 8 ತಿಂಗಳ ಹೆಣ್ಣುಕರುಗಳಿಗೆ ತಪ್ಪದೆ ಲಸಿಕೆ ಹಾಕಿಸಿ. ಹಾಲನ್ನು ಕಾಯಿಸಿಯೇ ಕುಡಿಯಿರಿ.